ತಮ್ಮನ ವ್ಯಾನು ಗಡಿ ದಾಟಿದ ದಿನ

ಗಡಿಯ ತಪಾಸಣಾ ಠಾಣೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಲಾರಿಯವರಿಗೆ, ಬಸ್ಸಿನವರಿಗೆ, ಕ್ಯಾಂಟೀನಿನವನಿಗೆ, ಎಲ್ಲರಿಗೂ ಅವಳು ಗೇಟಕ್ಕ. ದೇಶ ಬಿಟ್ಟು ಹೊರಡುವ ಗಾಡಿಗಳ ಬಾನೆಟ್ ಎತ್ತಿಸಿ, ಎಂಜಿನ್ ಮೇಲೂ ಚಾಸಿಯ ಮೇಲೂ ಕೊರೆದ ನಂಬರನ್ನು ಕಾಗದದ ಜೊತೆ ತಾಳೆ ನೋಡಬೇಕು. ಕಳುವಾಗಿದೆಯೆಂಬ ದೂರೇನಾದರೂ ಇದೆಯೇ ಎಂದು ಕಂಪ್ಯೂಟರಿನಲ್ಲಿ ಹುಡುಕಬೇಕು. ಎಲ್ಲ ಸರಿಯಿದ್ದರೆ ಅಡ್ಡಗಂಬ ಎತ್ತಬೇಕು. ಅದೇ ಅವಳ ಕೆಲಸ. ಆ ಕಂಬ ದಾಟಿಹೋದ ಕಳವಿನ ಗಾಡಿ ಮರಳಿ ಬಂದದ್ದನ್ನು ಅವಳು ಕಂಡಿರಲಿಲ್ಲ.

“ಮನೆ ಚಿಲಕ ಹಾಕೋದು ಮರೀತೀಯ, ದೇಶದ ಬಾಗಿಲು ಕಾಯ್ತೀಯ!” ಎಂದು ಗಂಡ ಛೇಡಿಸುತ್ತಿದ್ದ.

ಅವಳ ತಮ್ಮ ಒಂದು ಬಿಳಿ ವ್ಯಾನು ಇಟ್ಟುಕೊಂಡು ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ದು ಮನೆಗೆ ಬಿಡುತ್ತಿದ್ದ. ಅಪ್ಪನಿಗೆ ಲಕ್ವ ಹೊಡೆದು ಬಲಗಡೆ ಸ್ವಾಧೀನ ತಪ್ಪಿದ ಮೇಲೆ ವ್ಯಾನಿನ ಪಕ್ಕದ ಬಾಗಿಲಿಗೆ ತಗ್ಗಾದ ಮೆಟ್ಟಿಲೊಂದನ್ನು ಬೆಸುಗೆ ಹಾಕಿಸಿದ್ದ, ಒಳಗೆ ಕಬ್ಬಿಣದ ಹಿಡಿಯನ್ನೂ ಕೂರಿಸಿದ್ದ. ಬಿಸಿಲಿಗೆ ಹಿಡಿ ಕಾದು ಅಪ್ಪನ ಕೈ ಸುಡುತ್ತದೆಂದು ಗೇಟಕ್ಕ ತನ್ನ ಹಳೇ ಹಸಿರು ಸೀರೆಯ ಅಂಚು ಹರಿದು ಅದಕ್ಕೆ ಸುತ್ತಿ, ದಬ್ಬಳದಿಂದ ಹೊಲಿದಿದ್ದಳು. ವಾರಕ್ಕೆರಡು ಸಲ ಆ ಹಿಡಿ ಹಿಡಿದು ವ್ಯಾನು ಹತ್ತಿ ಅಪ್ಪ ಆಸ್ಪತ್ರೆಗೆ ಕೈಕಾಲಿನ ವ್ಯಾಯಾಮಕ್ಕೆ ಹೋಗುತ್ತಿದ್ದರು. ಯಾರ ಆಸರೆಯೂ ಇಲ್ಲದೆ ಅವರು ಮಾಡುತ್ತಿದ್ದ ಕೆಲಸವೆಂದರೆ ಅದೊಂದೇ.

ಒಂದು ಬೆಳಿಗ್ಗೆ ರೋಗಿಯೊಬ್ಬರನ್ನು ಗಾಲಿಕುರ್ಚಿಯಲ್ಲಿ ವಾರ್ಡಿಗೆ ಬಿಟ್ಟು ತಮ್ಮ ಹೊರಗೆ ಬಂದಾಗ ವ್ಯಾನು ಇರಲಿಲ್ಲ. ಅಲ್ಲಿಂದ ಅವನ ಅಲೆದಾಟ ಶುರುವಾಯಿತು. ಆಸ್ಪತ್ರೆಯ ಮುಂಬಾಗಿಲು ಒಂದು ಪೊಲೀಸ್ ಠಾಣೆಗೆ ಸೇರಿದ್ದು, ಹಿಂಬಾಗಿಲು ಇನ್ನೊಂದಕ್ಕೆ. ಮುಂದಿನವರು ಹಿಂದಿನವರ ಕಡೆ ಕೈ ತೋರಿಸಿದರು, ಹಿಂದಿನವರು ಮುಂದಿನವರ ಕಡೆ. ದೂರು ಮಾತ್ರ ಎಲ್ಲೂ ದಾಖಲಾಗಲಿಲ್ಲ.

ಗೇಟಕ್ಕ ತನ್ನ ಠಾಣೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದಳು. ಬಿಳಿ ವ್ಯಾನು ಬಂದರೆ ಸಾಕು, ಅವಳೇ ಓಡಿಹೋಗಿ ನೋಡುತ್ತಿದ್ದಳು.

ಬಂದದ್ದು ನೀಲಿ ವ್ಯಾನು. ನಾಲ್ಕನೇ ದಿನ, ಊಟದ ಹೊತ್ತಿಗೆ ಮುಂಚೆ. ನಡುವಯಸ್ಸಿನ ಡ್ರೈವರು ನಗುನಗುತ್ತಾ ಕಾಗದ ಕೊಟ್ಟ. ಚಾಸಿ ನಂಬರು ಕಾಗದದಲ್ಲಿದ್ದಂತೆಯೇ ಇತ್ತು. ಎಂಜಿನ್ ನಂಬರೂ ಹಾಗೆಯೇ. ಕಂಪ್ಯೂಟರಿನಲ್ಲಿ ಯಾವ ದೂರೂ ಇರಲಿಲ್ಲ. ಒಳಗೇನಿದೆಯೆಂದು ನೋಡಲು ಪಕ್ಕದ ಬಾಗಿಲು ಸರಿಸಿದವಳು ಕಾಲಿಟ್ಟದ್ದು ಆ ತಗ್ಗಿನ ಮೆಟ್ಟಿಲ ಮೇಲೆ. ಆಸರೆಗೆಂದು ಕೈಚಾಚಿದರೆ ಸಿಕ್ಕಿದ್ದು ಹಸಿರು ಬಟ್ಟೆ ಸುತ್ತಿದ ಹಿಡಿ. ಅವಳದೇ ಹೊಲಿಗೆ, ಅವಳದೇ ಸೊಟ್ಟ ಗಂಟು.

“ಇದು ಯಾರು ಸುತ್ತಿದ್ದು?” ಎಂದು ಕೇಳಿದಳು.

“ಗೊತ್ತಿಲ್ಲಮ್ಮ. ಆ ಕಡೆ ಮುಟ್ಟಿಸಿ ಬಾ ಅಂತ ಗಾಡಿ ಕೊಟ್ರು. ನಾನು ಬರೀ ಡ್ರೈವರ್ರು,” ಎಂದ ಅವನು. ಸುಳ್ಳು ಹೇಳುತ್ತಿದ್ದನೋ ನಿಜವೋ, ಮುಖ ನೋಡಿದರೆ ತಿಳಿಯುವಂತಿರಲಿಲ್ಲ.

ಅವಳು ಓಡಿ ಸಾಹೇಬರ ಕೋಣೆಗೆ ಹೋದಳು. “ಸರ್, ನನ್ನ ತಮ್ಮನ ವ್ಯಾನು ಬಂದಿದೆ. ಬಣ್ಣ ಬೇರೆ, ನಂಬರು ಬೇರೆ. ಹಿಡಿಗೆ ಸುತ್ತಿರೋದು ಮಾತ್ರ ನನ್ನ ಸೀರೆ.”

ಸಾಹೇಬರು ಬಿರುಸು ಮಾತಿನವರಲ್ಲ. ತಾವೇ ಎದ್ದು ಬಂದು, ಬಗ್ಗಿ, ಉಗುರಿನಿಂದ ನೀಲಿ ಕೆರೆದರು. ಒಳಗೆ ಬಿಳಿ ಇಣುಕಿತು.

“ನಂಬ್ತೀನಮ್ಮ,” ಎಂದರು. “ಆದ್ರೆ ಬಣ್ಣ ಬದಲಾಯ್ಸೋದು ಕಳ್ಳತನ ಅಲ್ಲ. ನಂಬರು ತಿದ್ದಿದಾರಾ ಅಂತ ಪರೀಕ್ಷೆ ಮಾಡೋರು ಪಟ್ಟಣದಿಂದ ಬರಬೇಕು. ದೂರಿಲ್ಲದೆ ಅವರು ಬರಲ್ಲ. ಸಂಜೆ ಗೇಟು ಮುಚ್ಚೋವರೆಗೆ ನಿಲ್ಲಿಸಿಕೊಳ್ಳೋಣ. ಅಷ್ಟರೊಳಗೆ ದೂರು ದಾಖಲು ಮಾಡಿಸು.”

ಗೇಟಕ್ಕ ತಮ್ಮನಿಗೆ ಫೋನು ಹಚ್ಚಿದಳು. ಅವನು ಪೊಲೀಸ್ ಠಾಣೆಯ ಬೆಂಚಿನ ಮೇಲೇ ಇದ್ದ. ಸುದ್ದಿ ಕೇಳಿ, “ಸಿಕ್ತಾ ಅಕ್ಕಾ?” ಎಂದು ಕೂಗಿಕೊಂಡ.

“ಇಲ್ಲೇ ಇದೆ ಕಣೋ. ಮೊದಲು ಫೋನು ಅವರ ಕೈಗೆ ಕೊಡು.”

ಅತ್ತ ಕಡೆಯ ಪೊಲೀಸಿನವನು ಆಕಳಿಸುತ್ತಲೇ ಮಾತಾಡಿದ. “ಗಾಡಿ ನಿಮ್ಮ ಮುಂದೇನೇ ಇದ್ರೆ ನೀವೇ ಹಿಡೀರಿ.”

“ದೂರು ದಾಖಲಾಗದೆ ಹಿಡಿಯೋಕೆ ಬರಲ್ಲ ಸಾರ್.”

“ಗಾಡಿ ಹೋಗಿದ್ದು ಹಿಂದಿನ ಗೇಟಿಂದ. ಅದು ನಮ್ಮ ಸರಹದ್ದಲ್ಲಮ್ಮ.”

ಸಾಹೇಬರೂ ಫೋನು ಮಾಡಿದರು. ಅವರಿಗೆ ಸಿಕ್ಕ ಉತ್ತರ ಇನ್ನೂ ಮರ್ಯಾದೆಯದ್ದು: “ನೋಡೋಣ ಸರ್, ಮೇಲಿನವರು ಬರಲಿ.” ತಮ್ಮ ಒಂದು ಠಾಣೆಯಿಂದ ಇನ್ನೊಂದಕ್ಕೆ ಓಡಿದ. ಇತ್ತ ಗೇಟಕ್ಕ ಡ್ರೈವರನ ಕೈಲಿ ಜ್ಯಾಕು ತೆಗೆಸಿದಳು, ಸ್ಟೆಪ್ನಿ ಇಳಿಸಿದಳು, ನೋಡಿದ ಕಾಗದವನ್ನೇ ಮತ್ತೆ ಮತ್ತೆ ನೋಡಿದಳು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಹಿಂದೆ ಲಾರಿಗಳ ಸಾಲು ತಿರುವಿನವರೆಗೂ ಬೆಳೆಯಿತು. “ಏನಕ್ಕಾ, ಆ ವ್ಯಾನಿಗೆ ಹೆಣ್ಣು ನೋಡ್ತಿದ್ದೀರಾ?” ಎಂದೊಬ್ಬ ಕೂಗಿದ. ಎಲ್ಲರೂ ನಕ್ಕರು. ಡ್ರೈವರೂ ನಕ್ಕ.

ಬಿಸಿಲು ಇಳಿಯುತ್ತಾ ಬಂತು. ಕೊನೆಗೆ ತಮ್ಮನೇ ಫೋನು ಮಾಡಿದ. “ಅಕ್ಕಾ, ಬೆಳಿಗ್ಗೆ ಬಾ ಅಂದ್ರು. ಸಹಿ ಹಾಕೋರು ಮನೆಗೆ ಹೋದ್ರಂತೆ. ನೀನು ಬಿಡಬೇಡ ಅಕ್ಕಾ. ಹೇಗಾದ್ರೂ ಮಾಡಿ ಹಿಡ್ಕೋ.”

ಸಾಹೇಬರು ಪಕ್ಕದಲ್ಲೇ ನಿಂತಿದ್ದರು. “ನೀನು ಒಳಗೆ ಹೋಗಮ್ಮ,” ಎಂದರು ಮೆಲ್ಲಗೆ. “ನಾನು ಎತ್ತಿಸ್ತೀನಿ.”

“ಬೇಡ ಸರ್. ನನ್ನ ಪಾಳಿ.”

ಯಾಕೆ ಹಾಗೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ತಾನು ಒಳಗೆ ಹೋಗಿ ಕೂತರೂ ಕಂಬ ಮೇಲೇಳುವುದು ತಪ್ಪುತ್ತಿರಲಿಲ್ಲ. ಹಗ್ಗ ಸಡಿಲಿಸಿ ಕಂಬ ಎತ್ತಿದಳು. ವ್ಯಾನು ಮುಂದೆ ಸರಿಯಿತು. ಡ್ರೈವರು ಕಿಟಕಿಯಿಂದ ಕೈಯೆತ್ತಿ, “ಬರ್ತೀನಮ್ಮ,” ಎಂದ. ಆ ಕಡೆಯ ಕಾವಲಿನವನು ಮುದ್ರೆ ಒತ್ತಿ ಕಳಿಸುವುದು ಅವಳಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಕೂಗಿದರೆ ಕೇಳಿಸುವಷ್ಟು ಹತ್ತಿರ. ಅವಳು ಕೂಗಲಿಲ್ಲ.

ಮರುದಿನ ಮಧ್ಯಾಹ್ನ ದೂರು ದಾಖಲಾಯಿತು. ಕೂಡಲೇ ಅವಳ ಕಂಪ್ಯೂಟರಿಗೇ ಸೂಚನೆ ಬಂತು: ಇಂಥ ನಂಬರಿನ ಬಿಳಿ ವ್ಯಾನು ಬಂದಲ್ಲಿ ತಡೆಯುವುದು. ಸೂಚನೆ ತಲುಪಿದೆ ಎಂದು ಅವಳೇ ಗುಂಡಿ ಒತ್ತಬೇಕಾಯಿತು.

ಆ ಕಡೆಯ ಕಾವಲಿನವನು ವರ್ಷಗಳಿಂದ ಮುಖಪರಿಚಯದವನು. ವ್ಯಾನಿನ ವಿಷಯ ಅವಳು ಅವನಿಗೆ ಹೇಳಿದ್ದಳು. ಕೆಲವು ವಾರ ಬಿಟ್ಟು ಬೇಲಿಯ ಬಳಿ ಅವನೇ ಹೇಳಿದ: “ನಿಮ್ಮ ವ್ಯಾನು ನಮ್ಮ ಪೇಟೆಯಲ್ಲಿ ಓಡ್ತಾ ಇದೆ ಅಕ್ಕಾ, ತರಕಾರಿ ತುಂಬ್ಕೊಂಡು. ಆದ್ರೆ ಈಗ ಅದು ಇಲ್ಲಿನ ನಂಬರು. ನಾನೇನು ಮಾಡ್ಲಿ ಹೇಳಿ?” ಸಾಹೇಬರು ಮೇಲಕ್ಕೆ ಬರೆದರು, ಮೇಲಿನವರು ಇನ್ನೂ ಮೇಲಕ್ಕೆ ಬರೆದರು. ಅಲ್ಲಿಂದ ಉತ್ತರ ಬರಲಿಲ್ಲ.

ತಮ್ಮ ಬೇರೆಯವರ ಗಾಡಿ ಓಡಿಸಲು ಸೇರಿಕೊಂಡ. ಅದು ಎತ್ತರದ ಗಾಡಿ. ಅಪ್ಪನನ್ನು ಮಗುವಿನ ಹಾಗೆ ಎತ್ತಿ ಕೂರಿಸಬೇಕಿತ್ತು. ಎರಡು ಸಲ ಹೋದ ಮೇಲೆ ಅಪ್ಪ ಎಡಗೈ ಅಡ್ಡ ಆಡಿಸಿ ಬೇಡವೆಂದರು. ವ್ಯಾಯಾಮ ನಿಂತಿತು.

ಅಕ್ಕನನ್ನು ಅವನು ಬೈಯಲಿಲ್ಲ. ಒಮ್ಮೆ ಮಾತ್ರ, ತಟ್ಟೆಯ ಮುಂದೆ ಕೂತಾಗ, “ಗೇಟು ನೀನೇ ಎತ್ತಿದ್ಯಾ?” ಎಂದು ಕೇಳಿದ.

“ಹ್ಞೂಂ.”

ಅವನು ತಲೆ ತಗ್ಗಿಸಿ ಊಟ ಮುಗಿಸಿದ.

ಆ ಮಳೆಗಾಲದ ಕೊನೆಗೆ ಗೇಟಕ್ಕ ಒಂದು ಕಳವಿನ ಕಾರು ಹಿಡಿದಳು. ದೂರು ಮೊದಲೇ ದಾಖಲಾಗಿತ್ತು, ಹಾಗಾಗಿ ಏನೂ ಕಷ್ಟವಾಗಲಿಲ್ಲ. ಕಾರಿನ ಒಡತಿ ಬಂದು ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಸಾಹೇಬರು ಎಲ್ಲರೆದುರು ಹೊಗಳಿದರು. ಗೇಟಕ್ಕ ಸಂಜೆ ತವರಿಗೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, ತಮ್ಮನಿಗೆ ಅದನ್ನು ಹೇಳಿದಳು.

“ಒಳ್ಳೇದಾಯ್ತು ಬಿಡಕ್ಕಾ,” ಎಂದ ಅವನು. ಆಮೇಲೆ ಅಪ್ಪನನ್ನು ಮಂಚದ ಮೇಲೆ ಮಗ್ಗುಲು ಬದಲಿಸಿ ಮಲಗಿಸಲು ಒಳಗೆ ಹೋದ. ಅವಳೂ ಹಿಂದೆ ಹೋಗಿ ಅಪ್ಪನ ಕಾಲಿನ ಕಡೆ ಹಿಡಿದಳು.