2147ನೇ ನಂಬರಿನ ಬಿಲ್ಲೆ

ಆಲ್ಬಮ್ಮಿನ ಹಾಳೆ ತಿರುವುತ್ತಿದ್ದ ಮುನಿಯಮ್ಮನ ಕೈ ಒಂದು ಹಿತ್ತಾಳೆ ಬಿಲ್ಲೆಯ ಮೇಲೆ ನಿಂತಿತು. ಮುಳಬಾಗಿಲಿನ ನಮ್ಮ ಮನೆಗೆ ದಿನವೂ ಹೂ ತರುವ ಅವರಿಗೆ ನಾನು ಕೂಡಿಟ್ಟ ದೇಶವಿದೇಶಗಳ ನಾಣ್ಯ ತೋರಿಸುತ್ತಿದ್ದೆ. ಜಪಾನಿನ ತೂತು ಕಾಸು ಕಂಡು ನಕ್ಕವರು ಈಗ ನಗಲಿಲ್ಲ.

“ಇದರವನು ಮೇಲಕ್ಕೆ ಬಂದ್ನಾ, ಟೀಚರಮ್ಮ?”

ನನಗೆ ಅರ್ಥವಾಗಲಿಲ್ಲ. ಕೋಲಾರದ ಗುಜರಿ ಅಂಗಡಿಯಲ್ಲಿ ಕೊಂಡಿದ್ದ ಆ ಬಿಲ್ಲೆ ಚಿನ್ನದ ಗಣಿಯದು ಎಂದಷ್ಟೇ ಗೊತ್ತಿತ್ತು. ಅದರ ಮೇಲೆ 2147 ಎಂಬ ಅಂಕಿ ಬಿಟ್ಟರೆ ಬೇರೇನೂ ಇರಲಿಲ್ಲ.

“ನಮ್ ನಾಯ್ನ ಗಣೀಲಿ ಕೆಲ್ಸ ಮಾಡ್ತಿದ್ದ ಕಣಮ್ಮ. ಕೆಳಗಿಳಿಯೋವಾಗ ಇಂಥದ್ದೊಂದು ತಗೊಂಡು ಹೋಗೋನು. ಮೇಲಕ್ಕೆ ಬಂದ್ಮೇಲೆ ವಾಪಸ್ ಗಣಿ ಬಾಗ್ಲಲ್ಲಿರೋ ಹಲಗೆಗೆ ನೇತಾಕಬೇಕು. ಹಲಗೇಲಿ ಇಲ್ಲ ಅಂದ್ರೆ ಆಳು ಇನ್ನೂ ಕೆಳಗವ್ನೆ ಅಂತ.”

ನಾಯ್ನ, ಅಂದರೆ ಅಪ್ಪ, ಬರುವುದು ತಡವಾದ ದಿನ ಅಮ್ಮ ಇವರನ್ನು ಹಲಗೆ ನೋಡಿಬರಲು ಓಡಿಸುತ್ತಿದ್ದರಂತೆ. ಶಾಲೆಗೆ ಹೋಗದ ಮುನಿಯಮ್ಮ ಅಂಕಿ ಓದಲು ಕಲಿತದ್ದು ಹಾಗೆ. ಅಪ್ಪನ ನಂಬರ್ ಬೇರೆ. ಆತ ಪ್ರತಿ ಸಲವೂ ಮೇಲೆ ಬಂದಿದ್ದ.

ಮರುವಾರ ಗುಜರಿ ಅಂಗಡಿಗೆ ಹೋಗಿ ವಿಚಾರಿಸಿದೆ. ಹಳೇ ಹಿತ್ತಾಳೆಯ ಮೂಟೆಯಲ್ಲಿ ಬಂದದ್ದು, ಯಾರದೋ ಗೊತ್ತಿಲ್ಲ ಎಂದರು. ಗಣಿ ಮುಚ್ಚಿದ ಮೇಲೆ ಹಲಗೆಯಿಂದಲೇ ತೆಗೆದು ಮಾರಿರಬಹುದು ಎಂದು ಮುನಿಯಮ್ಮನಿಗೆ ಹೇಳಿದೆ.

“ಅಂಗೇ ಆಗಿರ್ಲಿ ಬಿಡಮ್ಮ” ಎಂದು ಹೂ ಅಳೆದು ಕೊಟ್ಟರು.

ಲೋಹ, ತೂಕ, ದೇಶ ನೋಡಿ ನಾಣ್ಯ ಗುರುತಿಸುವುದು ನನಗೆ ಬರುತ್ತದೆ. ಈ ಬಿಲ್ಲೆಯ ಕೆಳಗಿನ ಚೀಟಿಯಲ್ಲಿ ಮಾತ್ರ ಏನು ಬರೆಯಬೇಕೆಂದು ತೋಚದೆ ಖಾಲಿ ಬಿಟ್ಟಿದ್ದೇನೆ.