ಸಾಫ್ ಎಂಬ ಮಾತು

ಆಳಂದದ ಬಸ್‌ನಿಲ್ದಾಣದ ಹಿಂದೆ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟಿರುವ ದೇವಾನಂದ ನನ್ನ ಶಿಷ್ಯ. ಏಳನೆಯ ತರಗತಿಯಲ್ಲಿ ನಾನಾರ್ಥ ಪದಗಳನ್ನು ಕೇಳಿದರೆ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದ. ಕೆಲಸದಲ್ಲಿ ಬಹಳ ಶುದ್ಧ. ಯಂತ್ರದಿಂದ ತೆಗೆದ ಹಳೆಯ ಹಾರ್ಡ್‌ಡಿಸ್ಕನ್ನು, ಮಾಲೀಕರು ಒಪ್ಪಿದರೆ, ಯಾರಿಗೂ ಮರಳಿ ಓದಲಾಗದಂತೆ ಪೂರ್ತಿ ಅಳಿಸಿಬಿಡುತ್ತಾನೆ. ‘ಮಂದಿ ಮನಿ ಮಾತು ಮಂದಿ ಕೈಗೆ ಹೋಗಬಾರ್ದು ಸರ್’ ಎನ್ನುತ್ತಾನೆ.

ಹೋದ ವರ್ಷ ಸರಸಂಬಾದ ರೈತ ಧರ್ಮಣ್ಣ ಮಗಳ ಹಳೆಯ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ತಂದರು. ಅವರ ಹೆಂಡತಿ ಶರಣಬಸಮ್ಮ ಬೀಸುವ ಪದಗಳನ್ನು ಹಾಡುವುದರಲ್ಲಿ ಎತ್ತಿದ ಕೈ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಧ್ವನಿಯೇ ಹೋಗಿತ್ತು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಮಗಳು ಭಾಗ್ಯಾ ತಾಯಿಯ ದನಿಯಲ್ಲಿ ಧ್ವನಿಮುದ್ರಿಸಿಟ್ಟ ನಲವತ್ತು ಹಾಡುಗಳು ಆ ಲ್ಯಾಪ್‌ಟಾಪಿನಲ್ಲಿ ಮಾತ್ರ ಉಳಿದಿದ್ದವು. ಶರಣಬಸಮ್ಮ ದಿನಾಲೂ ಅವನ್ನು ಕೇಳುತ್ತಿದ್ದರು.

‘ಹಾಡು ನಡುವ ನಿಂದರ್ತದ ತಮ್ಮಾ. ಮುದಿ ಎತ್ತಿನಂಗ ಆಗ್ಯಾದ’ ಎಂದರು ಧರ್ಮಣ್ಣ.

‘ಹಳೇ ಡಿಸ್ಕ್ ತಗದು ಹೊಸಾ ಎಸ್‌ಎಸ್‌ಡಿ ಹಾಕ್ತೇನ್ರಿ ಕಾಕಾ. ಹೋರಿ ಆಗ್ತದ.’

ಯಾರ ಹಾಡೆಂದು ಇವನು ಕೇಳಲಿಲ್ಲ, ಅವರು ಹೇಳಲಿಲ್ಲ. ಹಾರ್ಡ್‌ಡಿಸ್ಕನ್ನು ಬಿಚ್ಚಿ ಕೈಯಲ್ಲಿ ಹಿಡಿದು ಒಂದೇ ಮಾತು ಕೇಳಿದ: ‘ಹಳೇದೆಲ್ಲಾ ಸಾಫ್ ಮಾಡ್ಲೇನ್ರಿ?’

‘ಛಂದಾಗಿ ಸಾಫ್ ಮಾಡಪ್ಪಾ. ಒಂದೀಟೂ ಉಳಸಬ್ಯಾಡ.’

ಅವರು ನೆನೆದದ್ದು ಲ್ಯಾಪ್‌ಟಾಪಿನೊಳಗೆ ಕೂತ ತೊಗರಿ ರಾಶಿಯ ಧೂಳನ್ನು.

ಮರುದಿನ ಗಂಡಹೆಂಡತಿ ಇಬ್ಬರೂ ಬಂದರು. ಹತ್ತು ಎಣಿಸುವುದರೊಳಗೆ ಲ್ಯಾಪ್‌ಟಾಪ್ ತೆರೆದುಕೊಂಡಿತು. ಶರಣಬಸಮ್ಮ ಕೊರಳಿಗೆ ಸೆರಗು ಸುತ್ತಿಕೊಂಡು ಸ್ಟೂಲಿನ ತುದಿಯಲ್ಲಿ ಕುಳಿತರು.

‘ಈಗ ಆಕಿ ಹಾಡು ಹಚ್ಚು’ ಎಂದರು ಧರ್ಮಣ್ಣ.

‘ಯಾರ ಹಾಡ್ರಿ ಕಾಕಾ?’

ಕೇಳುತ್ತಲೇ ದೇವಾನಂದನ ಕಣ್ಣು ಸೆರಗು ಸರಿದ ಆಕೆಯ ಕೊರಳಿನ ಹೊಲಿಗೆಯ ಕಲೆಯ ಮೇಲೆ ಬಿತ್ತು. ಮೂರು ದಿನ ಅವನು ಅಂಗಡಿ ಬಾಗಿಲು ತೆಗೆಯಲಿಲ್ಲ. ಹಾರ್ಡ್‌ಡಿಸ್ಕನ್ನು ಕಲಬುರಗಿಗೂ ಒಯ್ದು ತೋರಿಸಿದ. ಅವನು ಅಷ್ಟು ಶುದ್ಧವಾಗಿ ಅಳಿಸಿದ್ದನ್ನು ಇನ್ನು ಯಾರು ತೆಗೆದುಕೊಟ್ಟಾರು?

‘ಸಾಫ್ ಅಂದಾವ ನಾನೇ ಅಲ್ಲೇನಪಾ’ ಎಂದಷ್ಟೇ ಧರ್ಮಣ್ಣ ಹೇಳಿದರು.

ಈಗ ಪ್ರತಿ ಅಮಾವಾಸ್ಯೆಯ ದಿನ, ಧರ್ಮಣ್ಣ ಎತ್ತು ಹೂಡದೆ ಮನೆಯಲ್ಲಿರುವಾಗ, ದೇವಾನಂದ ಸರಸಂಬಾಕ್ಕೆ ಹೋಗುತ್ತಾನೆ. ಶರಣಬಸಮ್ಮ ತುಟಿ ಆಡಿಸುತ್ತಾರೆ, ಧರ್ಮಣ್ಣ ತಿಳಿದು ಹೇಳುತ್ತಾರೆ, ಇವನು ಬರೆದುಕೊಳ್ಳುತ್ತಾನೆ. ಮೊನ್ನೆ ಹನ್ನೊಂದು ಹಾಡುಗಳ ನೋಟುಬುಕ್ಕನ್ನು ತಿದ್ದಿಸಲು ನನ್ನ ಬಳಿ ತಂದಿದ್ದ. ಕಾಗುಣಿತ ಒಂದೂ ತಪ್ಪಿರಲಿಲ್ಲ.

‘ಪದ ಸಿಕ್ಕಾವ್ರಿ ಸರ್’ ಎಂದ. ‘ರಾಗ ಕೇಳಿದ್ರ, ಕಾಕಿ ಗ್ವಾಡಿ ಕಡಿ ಮಾರಿ ತಿರುಗಿಸ್ತಾರ.’