ಹನ್ನೊಂದು ಮನೆಯ ನೀರು

ಮುಂಡಗೋಡದ ಆಚೆಗಿನ ಆ ತಾಂಡಾದಲ್ಲಿ ಗೀತಾಬಾಯಿಗೆ ಜನ ಇಟ್ಟ ಹೆಸರು ‘ನೀರು ಕೊಡದಾಕಿ’. ಎದುರಿಗೆ ಯಾರೂ ಅನ್ನುವುದಿಲ್ಲ, ಅಷ್ಟು ಧೈರ್ಯ ಯಾರಿಗೂ ಇಲ್ಲ. ಮನೆಯೊಳಗಿನ ಜಗಳವನ್ನು ಅವಳು ಲಂಬಾಣಿಯಲ್ಲಿ ಮುಗಿಸುತ್ತಾಳೆ. ಊರಿಗೇ ಕೇಳಲಿ ಅನಿಸಿದಾಗ ಕನ್ನಡಕ್ಕೆ ಬರುತ್ತಾಳೆ. ಅವಳು ಕನ್ನಡಕ್ಕೆ ಬಂದಳೆಂದರೆ ಅಂಗಳದ ನಾಯಿಗಳೂ ಎದ್ದು ಹೋಗುತ್ತವೆ. ಆದರೆ ಬೆನ್ನ ಹಿಂದಿನ ಮಾತಿಗೆ ಯಾರ ಅಡ್ಡಿ? ಕಟ್ಟಿಕೊಂಡ ಗಂಡ ಬಾಯಾರಿ ಒದ್ದಾಡುತ್ತಿದ್ದರೂ ಕೊಡಕ್ಕೆ ಬೀಗ ಹಾಕಿದ ಹೆಂಗಸು ಎಂದು ಆಡಿಕೊಳ್ಳುತ್ತಾರೆ. ಬೀಗ ಹಾಕಿದ್ದು ನಿಜ. ಕೊಡಕ್ಕಲ್ಲ, ಕೊಡ ಇಟ್ಟ ಒಳಕೋಣೆಗೆ.

ಅವಳ ಗಂಡ ರೂಪ್ಲಪ್ಪ ಟಿಬೆಟನ್ ಕಾಲೊನಿಯ ಗೋವಿನಜೋಳದ ಹೊಲಗಳಲ್ಲಿ ಹದಿನಾರು ವರ್ಷ ಟ್ರ್ಯಾಕ್ಟರ್ ಓಡಿಸಿದವನು. ಕುಲುಕಾಡಿ ಕುಲುಕಾಡಿ ಸೊಂಟ ಹಿಡಿಯುತ್ತಿತ್ತು. ಸೊಂಟಕ್ಕೆ ನೋವಿನ ಗುಳಿಗೆ, ಗುಳಿಗೆಯ ಮೇಲೆ ಚಹಾ, ಚಹಾದ ಮೇಲೆ ಮತ್ತೆ ಟ್ರ್ಯಾಕ್ಟರ್. ರಕ್ತದೊತ್ತಡ ಏರಿದ್ದೂ ಗೊತ್ತಾಗಲಿಲ್ಲ, ಕಿಡ್ನಿ ಎರಡೂ ಸೋತದ್ದೂ ಗೊತ್ತಾಗಲಿಲ್ಲ. ಮುಖ ಊದಿಕೊಂಡು ಕಣ್ಣು ಮುಚ್ಚಿಹೋದ ದಿನ ಗೊತ್ತಾಯಿತು. ಆಗ ಅವನಿಗೆ ನಲವತ್ತೊಂದು ವರ್ಷ.

ಅಂದಿನಿಂದ ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್. ತಾಲೂಕು ದವಾಖಾನೆಯ ಯಂತ್ರದ ಪಕ್ಕ ನಾಲ್ಕು ತಾಸು ಅವನು ಮಲಗುತ್ತಾನೆ, ಕಾಲ ಬಳಿ ಸ್ಟೂಲಿನ ಮೇಲೆ ಅವಳು ಕೂರುತ್ತಾಳೆ. ಉಳಿದ ದಿನಗಳಲ್ಲಿ ಕಾಲೊನಿಯ ಒಂದು ಮಠದ ಅಡಿಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಾಳೆ. ಮೊದಲ ವಾರವೇ ಅವಳು ಹುಬ್ಬಳ್ಳಿಯ ಡಾಕ್ಟರ ಮುಂದೆ ನಿಂತು, ನನ್ನದೇ ಒಂದು ಕಿಡ್ನಿ ತೆಗೆದು ಹಾಕಿರಿ ಎಂದಿದ್ದಳು. ಪರೀಕ್ಷೆ ಮಾಡಿದರು. ಅವಳಿಗೇ ಗೊತ್ತಿಲ್ಲದೆ ಅವಳ ಮೈಯಲ್ಲಿ ಸಕ್ಕರೆ ಕಾಯಿಲೆ ಕೂತಿತ್ತು, ಬೇಡವೆಂದರು. ಮೈದುನ ಬಾಲು, ಅಣ್ಣನಿಗೆ ಒಂದಲ್ಲ ಎರಡೂ ಕೊಡುತ್ತೇನೆ ಎಂದು ಕಟ್ಟೆಯ ಮೇಲೆ ಕೂತು ನಾಲ್ಕು ಜನರೆದುರು ಹೇಳಿದ. ಮಾತಿಗೇನು ಬಡತನ? ಪರೀಕ್ಷೆಯ ದಿನ ಬೆಳಿಗ್ಗೆ ಗೋವಾದ ಬಸ್ಸು ಹತ್ತಿದವನು ಇನ್ನೂ ಅಲ್ಲೇ ಇದ್ದಾನೆ.

ಉಳಿದದ್ದು ಸತ್ತವರ ಕಿಡ್ನಿ. ಅದಕ್ಕೊಂದು ಪಟ್ಟಿ, ಆ ಪಟ್ಟಿಯಲ್ಲಿ ರೂಪ್ಲಪ್ಪನ ಹೆಸರು. ಸರದಿ ಬಂದ ದಿನ ಫೋನ್ ಬರುತ್ತದೆ, ಬಂದ ಕೂಡಲೇ ಹೊರಡಬೇಕು. ಎಲ್ಲಿಯೋ ಯಾರದೋ ಮನೆಯ ಗಂಡು ರಸ್ತೆಯಲ್ಲಿ ಬಿದ್ದು ತಲೆ ಒಡೆದುಕೊಂಡರೆ ಈ ಮನೆಗೆ ಫೋನ್. ಮರಿಯಮ್ಮನ ಮುಂದೆ ದೀಪ ಹಚ್ಚಿ ಏನೆಂದು ಬೇಡುವುದು? ಗೀತಾಬಾಯಿ ಮೊದಮೊದಲು ನಾಚಿಕೆಪಟ್ಟಳು. ಎರಡನೆಯ ವರ್ಷಕ್ಕೆ ನಾಚಿಕೆ ಹೋಯಿತು. ನಾಲ್ಕನೆಯ ವರ್ಷ ಅವಳು ನೇರವಾಗಿಯೇ ಬೇಡುತ್ತಿದ್ದಳು.

ನೀರಿನ ಲೆಕ್ಕ ಕಲಿಸಿದವಳು ಡಯಾಲಿಸಿಸ್ ನೋಡಿಕೊಳ್ಳುವ ನರ್ಸ್ ಜ್ಯೋತಿ. ರೂಪ್ಲಪ್ಪನಿಗೆ ಮೂತ್ರ ನಿಂತೇ ಹೋಗಿದೆ. ಕುಡಿದದ್ದೆಲ್ಲ ಒಳಗೇ ಉಳಿಯುತ್ತದೆ. ಮೊದಲು ಪಾದಕ್ಕೆ ಇಳಿಯುತ್ತದೆ, ಆಮೇಲೆ ಎದೆಗೆ ಏರುತ್ತದೆ. ಚಹಾ, ಸಾರು ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರ್, ಅದರ ಮೇಲೆ ಒಂದು ಹನಿ ಇಲ್ಲ. ಫೋನ್ ಬಂದ ದಿನ ಮೈಯಲ್ಲಿ ನೀರು ತುಂಬಿದ್ದರೆ ಆಪರೇಶನ್ ಟೇಬಲ್ಲಿನ ಹತ್ತಿರವೂ ಬಿಡುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರೂ ಹೇಳಿದ್ದರು. ಅದನ್ನು ಗೀತಾಬಾಯಿ ವೇದವಾಕ್ಯ ಮಾಡಿಕೊಂಡಳು. ಬೆಳಿಗ್ಗೆ ಒಂದು ಬಾಟಲಿ ಅಳೆದಿಡುತ್ತಿದ್ದಳು; ಅವನ ಇಡೀ ದಿನ ಆ ಬಾಟಲಿಯೊಳಗೆ ಮುಗಿಯಬೇಕು. ಅವನು ಬೇಡಿದ, ಬೈದ, ಒಮ್ಮೆ ಅತ್ತ. ಅವಳು ಬಚ್ಚಲಮನೆಗೆ ಹೋಗಿ ಅತ್ತು ಬಂದಳೇ ಹೊರತು ಕೀಲಿ ಕೊಡಲಿಲ್ಲ.

ಆದರೆ ಮನೆಗೆ ಬೀಗ ಹಾಕಬಹುದು, ತಾಂಡಾಕ್ಕೆ ಹಾಕಲಾಗುತ್ತದೆಯೇ? ಎತ್ತಿನ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಒಣ ಸೀಮೆಯಲ್ಲಿ ತಿರುಗಿದ ಜನ ಇವರು. ಅಂಗಳ ತುಳಿದವನಿಗೆ ಮೊದಲು ಒಂದು ಚಂಬು ನೀರು. ಎಲ್ಲಿಂದ ಬಂದೆ, ಏಕೆ ಬಂದೆ ಎಂಬುದೆಲ್ಲ ಆಮೇಲೆ. ರೊಟ್ಟಿ ಇಲ್ಲ ಎನ್ನಬಹುದು, ಮಜ್ಜಿಗೆ ಇಲ್ಲ ಎನ್ನಬಹುದು, ನೀರಿಲ್ಲ ಎನ್ನುವ ಹಾಗಿಲ್ಲ. ಶತ್ರು ಬಂದರೂ ಚಂಬು ಇಟ್ಟೇ ಜಗಳ ತೆಗೆಯುತ್ತಾರೆ. ಇದು ರೂಪ್ಲಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿ ಮಠಕ್ಕೆ ಹೋದದ್ದೇ ತಡ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸುಮ್ಮನೆ ಮಾತಾಡಿಸಲು ಹೊರಡುತ್ತಿದ್ದ. ಒಂದು ಮನೆಯಲ್ಲಿ ಅರ್ಧ ಲೋಟ, ಇನ್ನೊಂದರಲ್ಲಿ ನಾಲ್ಕು ಗುಟುಕು. ಅರ್ಧ ಲೋಟ ಕೊಟ್ಟರೆ ಏನಾಗುತ್ತದೆ ಎಂದು ಪ್ರತಿಯೊಂದು ಮನೆಯವರಿಗೂ ಅನಿಸುತ್ತಿತ್ತು. ತಾವೊಬ್ಬರೇ ಕೊಡುತ್ತಿರುವುದು ಎಂದು ಎಲ್ಲರೂ ತಿಳಿದಿದ್ದರು.

ಒಂದು ಶುಕ್ರವಾರ ತೂಕ ನಾಲ್ಕು ಕಿಲೋ ಏರಿತ್ತು. ಜ್ಯೋತಿ ಬೈದದ್ದು ಗೀತಾಬಾಯಿಯನ್ನು: ಮನೆಯಲ್ಲಿ ನೀವಿರುವುದು ಏತಕ್ಕೆ, ನೋಡಿಕೊಳ್ಳಲಾಗುವುದಿಲ್ಲವೇ? ರೂಪ್ಲಪ್ಪ ಛಾವಣಿ ನೋಡುತ್ತ ಮಲಗಿದ್ದ. ಅಂದು ಸಂಜೆ ಅವಳು ಮನೆಮನೆಗೆ ಹೋಗಿ ಕೈಮುಗಿದಳು. ಹೋದ ಕಡೆಯೆಲ್ಲ ಮೊದಲು ಅವಳ ಮುಂದೆಯೇ ಚಂಬು ಇಟ್ಟರು, ಆಮೇಲೆ ಅವಳು ಹೇಳಿದ್ದಕ್ಕೆಲ್ಲ ಹೂಂ ಹೂಂ ಎಂದರು. ಗಂಡನ ಅಕ್ಕ ಗೋದುಬಾಯಿ ಮಾತ್ರ ಹೂಂ ಅನ್ನಲಿಲ್ಲ.

"ಒಡಹುಟ್ಟಿದ ತಮ್ಮ ನೀರಡಿಸಿ ಬಾಗಲಕ್ಕ ಬಂದ್ರ ಇಲ್ಲ ಅನ್ನೂ ನಾಲಗಿ ನಂಗ ದೇವರು ಕೊಟ್ಟಿಲ್ಲವಾ," ಎಂದಳು. "ನಿಂಗ ಕೊಟ್ಟಾನ. ನೀನ ಅನ್ನು."

ಇಲ್ಲ ಎಂದವನು ಒಬ್ಬನೇ, ರೂಪ್ಲಪ್ಪನ ಹಳೆಯ ಟಿಬೆಟನ್ ಮಾಲೀಕ. ಆ ಮುದುಕನ ತಮ್ಮ ಇದೇ ಕಾಯಿಲೆಯಿಂದ ತೀರಿಕೊಂಡಿದ್ದ. ಮಾತಾಡಿಸಲು ಹೋದ ರೂಪ್ಲಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡ, ಕೈ ಹಿಡಿದುಕೊಂಡ, ಉಪ್ಪು ಹಾಕಿದ ಬೆಣ್ಣೆ ಚಹಾದ ಪಾತ್ರೆಯನ್ನು ಮಾತ್ರ ದೂರ ಸರಿಸಿದ. ಹದಿನಾರು ವರ್ಷ ದುಡಿಸಿಕೊಂಡು ಒಂದು ಕಪ್ ಚಹಾ ಕೊಡಲಿಲ್ಲ ಎಂದು ರೂಪ್ಲಪ್ಪ ಮನೆಗೆ ಬಂದು ಶಾಪ ಹಾಕಿದ. ತಾಂಡಾ ಅದನ್ನು ಕೇಳಿ ತಲೆದೂಗಿತು.

ಏಪ್ರಿಲ್ ಕೊನೆಯ ಶನಿವಾರ ಗೋದುಬಾಯಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಮಠದಲ್ಲಿ ಯಾರೋ ದೊಡ್ಡ ಲಾಮಾ ಬರುವವರಿದ್ದರು, ಗೀತಾಬಾಯಿಗೆ ರಜೆ ಸಿಗಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಕಾರ್ಯದ ಮನೆಯಲ್ಲಿ ನಿಂಬೆ ಶರಬತ್ತು, ಮಟನ್ ಸಾರು. ಅಲ್ಲಿಂದ ಎದ್ದವನನ್ನು ಒಬ್ಬೊಬ್ಬರೂ ತಮ್ಮ ತಮ್ಮ ಮನೆಗೆ ಕರೆದರು. ಸಂಜೆ ಅವಳು ಬಂದಾಗ ಅವನು ಗೋಡೆಗೆ ಒರಗಿ ಕೂತು, ಸೆಖೆಗೆ ಮಲಗಲು ಆಗುತ್ತಿಲ್ಲ ಎಂದ. ಅಳೆದಿಟ್ಟ ಬಾಟಲಿಯಲ್ಲಿ ಅರ್ಧ ಹಾಗೇ ಇತ್ತು. ಅವಳಿಗೆ ಸಂತೋಷವಾಯಿತು. ಎಂಥ ಸಂತೋಷ ಅದು! ಇವತ್ತು ಹೇಳಿದ ಮಾತು ಕೇಳಿದ್ದಾನೆ ಎಂದುಕೊಂಡಳು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಬಂತು. ಹುಬ್ಬಳ್ಳಿಯ ದವಾಖಾನೆಯವರು. ಕಿಡ್ನಿ ಸಿಕ್ಕಿದೆ, ರಕ್ತದ ಗುಂಪು ಹೊಂದುತ್ತದೆ, ಮೊದಲನೆಯ ಹೆಸರು ನಿಮ್ಮದೇ, ಏನೂ ತಿನ್ನಿಸದೆ ಕುಡಿಸದೆ ತಕ್ಷಣ ಕರೆತನ್ನಿ. ನಾಲ್ಕು ವರ್ಷ ಈ ಮಾತಿಗೆ ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ಅಂದುಕೊಂಡಿದ್ದ ಗೀತಾಬಾಯಿಯ ಬಾಯಿಂದ ‘ಬಂದ್ವಿ ರೀ’ ಎಂಬುದಷ್ಟೇ ಹೊರಟಿತು. ಇಡೀ ತಾಂಡಾ ಬಂದು ಅವನನ್ನು ಜೀಪಿಗೆ ಹತ್ತಿಸಿತು. ಹೆಂಗಸರು ದೃಷ್ಟಿ ತೆಗೆದರು. ದಾರಿಯುದ್ದಕ್ಕೂ ಅವನು ಮುಂದಿನ ಸೀಟು ಹಿಡಿದು ಬಾಗಿ ಕೂತಿದ್ದ, ಉಸಿರು ಎಳೆದೆಳೆದು ಬರುತ್ತಿತ್ತು. ಹೆದರಿಕೆಗೆ ಹಾಗಾಗುತ್ತದೆ ಎಂದು ಅವಳು ಬೆನ್ನು ಸವರಿದಳು.

ಹುಬ್ಬಳ್ಳಿಯಲ್ಲಿ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಐದೂವರೆ ಕಿಲೋ ಹೆಚ್ಚು. ಎದೆಯ ಫೋಟೋದಲ್ಲಿ ಶ್ವಾಸಕೋಶದ ತುಂಬ ನೀರು. ಡಾಕ್ಟರು ಒಳ್ಳೆಯ ಮನುಷ್ಯ, ಅವಳನ್ನು ಕೂರಿಸಿಯೇ ಹೇಳಿದರು: ಈ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟರೆ ಎಚ್ಚರವಾಗುವ ಭರವಸೆ ಇಲ್ಲ, ನೀರು ತೆಗೆದು ಎದೆ ತಿಳಿಯಾಗುವ ತನಕ ಕಿಡ್ನಿ ಕಾಯುವುದಿಲ್ಲ. ಇಂಥ ಹೊತ್ತಿಗೆಂದೇ ಇಬ್ಬರನ್ನು ಕರೆದಿರುತ್ತಾರಂತೆ. ಎರಡನೆಯವನು ಗದಗದ ಕಡೆಯವನು, ಅಲ್ಲಿಯೇ ಬೆಂಚಿನ ಮೇಲೆ ಕೂತಿದ್ದ. ಸೊರಗಿದ, ಒಣಗಿದ, ಹೇಳಿದಷ್ಟೇ ನೀರು ಕುಡಿದ ಮನುಷ್ಯ. ಅವನನ್ನು ಒಳಗೆ ಕರೆದುಕೊಂಡು ಹೋದರು. ಅವನ ಹೆಂಡತಿ ಎದ್ದು ಬಂದು ಗೀತಾಬಾಯಿಯ ಎರಡೂ ಕೈ ಹಿಡಿದುಕೊಂಡಳು, ಏನು ಹೇಳಬೇಕೋ ತಿಳಿಯದೆ ನಿಮ್ಮ ಪುಣ್ಯ ರೀ ಎಂದಳು.

"ನಂದಲ್ಲವಾ," ಎಂದಳು ಗೀತಾಬಾಯಿ. "ನಮ್ಮ ತಾಂಡಾದವರು ಕಟ್ಟಿಕೊಂಡ ಪುಣ್ಯ. ನಿನಗ ಹತ್ತಿತು."

ರೂಪ್ಲಪ್ಪನಿಗೆ ಅಲ್ಲಿಯೇ ತುರ್ತು ಡಯಾಲಿಸಿಸ್ ಮಾಡಿ ಜೀವ ಉಳಿಸಿದರು. ಮರುದಿನ ಅವನು ಮಾತಾಡುವಷ್ಟಾದಾಗ ಅವಳು ಎಷ್ಟು ಮನೆಯಲ್ಲಿ ಕುಡಿದಿರಿ ಎಂದು ಕೇಳಿದಳು. ಅವನು ಸುಳ್ಳು ಹೇಳಲಿಲ್ಲ, ಹನ್ನೊಂದು ಎಂದ. ಫೋನ್ ಬಂದರೆ ಹೇಗೆ ಎಂದು ಒಮ್ಮೆಯೂ ಅನಿಸಲಿಲ್ಲವೇ ಎಂದಳು.

"ಬರ್ತೈತಿ ಅಂತ ನಾ ಯಾವತ್ತೂ ತಿಳದಿದ್ದಿಲ್ಲ, ಗೀತಾ," ಎಂದ ಅವನು. "ನೀ ಕಾಯ್ತಿದ್ದಿ. ನಾ ಸುಮ್ನ ಹೂಂ ಅಂತಿದ್ದೆ."

ತಾಂಡಾದ ಮೇಲೆ ಬಂದ ಸಿಟ್ಟು ಇದರ ಮುಂದೆ ಏನೂ ಅಲ್ಲ. ಬೀಗ, ಬಾಟಲಿ, ಬಚ್ಚಲಮನೆಯ ಅಳು, ಮರಿಯಮ್ಮನ ಮುಂದೆ ಬೇಡಿದ ಆ ಪಾಪದ ಬೇಡಿಕೆ, ಎಲ್ಲ ತಾನೊಬ್ಬಳೇ ಮಾಡಿದ್ದು. ಜೊತೆಗೆ ಒಬ್ಬನಿದ್ದಾನೆ ಎಂದು ತಿಳಿದಿದ್ದಳು, ಅವನು ಇರಲೇ ಇಲ್ಲ. ಬೈಯಲು ಲಂಬಾಣಿಯಲ್ಲೂ ಮಾತು ಸಿಗಲಿಲ್ಲ, ಕನ್ನಡದಲ್ಲೂ ಸಿಗಲಿಲ್ಲ.

ಊರಿಗೆ ಮರಳಿದಾಗ ಹೆಂಗಸರು ಗುಂಪಾಗಿ ಮಾತಾಡಿಸಲು ಬಂದರು. ಗೋದುಬಾಯಿ ಸೆರಗು ಬಾಯಿಗೊತ್ತಿ ಅತ್ತಳು, ಹಣೆಬರಹಕ್ಕೆ ಹೊಣೆ ಯಾರು ಎಂದಳು. ಗೀತಾಬಾಯಿ ಕಂಬಕ್ಕೆ ಒರಗಿ ಕೂತವಳು ಏಳಲಿಲ್ಲ. ಬಂದವರ ಮುಂದೆ ಒಂದು ಚಂಬು ನೀರು ಇಡಲಿಲ್ಲ. ಅರ್ಧ ತಾಸು ಕಾದರು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದುಹೋದರು. ಕಿಡ್ನಿ ಕೈ ತಪ್ಪಿದ್ದನ್ನು ತಾಂಡಾ ಎಂಟು ದಿನದಲ್ಲಿ ಮರೆಯಿತು. ಚಂಬು ಇಡದಿದ್ದದ್ದನ್ನು ಇನ್ನೂ ಮರೆತಿಲ್ಲ.

ಮುಂದಿನ ಮಂಗಳವಾರ ಜ್ಯೋತಿ ಒಂದು ಕಾಗದ ತಂದಳು. ರೂಪ್ಲಪ್ಪನ ಹೆಸರನ್ನು ಹುಬ್ಬಳ್ಳಿಯವರು ಸದ್ಯಕ್ಕೆ ತಡೆಹಿಡಿದಿದ್ದಾರೆ. ಹೇಳಿದ ಅಳತೆ ಮೀರಿ ನೀರು ಕುಡಿಯುವುದಿಲ್ಲ ಎಂದು ಬರೆದುಕೊಟ್ಟರೆ, ಎರಡು ತಿಂಗಳು ತೂಕ ನೋಡಿ ಮತ್ತೆ ಪಟ್ಟಿಗೆ ಸೇರಿಸುತ್ತಾರೆ. ರೋಗಿಯೇ ಸಹಿ ಮಾಡಬೇಕೆಂದಿಲ್ಲ, ಮನೆಯವರು ಮಾಡಿದರೂ ನಡೆಯುತ್ತದೆ ಎಂದು ಜ್ಯೋತಿ ಪೆನ್ನನ್ನು ಗೀತಾಬಾಯಿಗೆ ಕೊಟ್ಟಳು. ಅದುವರೆಗಿನ ಎಲ್ಲ ಕಾಗದಗಳಿಗೂ ಅವಳದೇ ಸಹಿ.

"ಈ ಸಲ ನಾ ಮಾಡೂದಿಲ್ರಿ, ಸಿಸ್ಟರ್," ಎಂದಳು. "ಕುಡಿಯೋರು ಮಾಡ್ಲಿ."

ರೂಪ್ಲಪ್ಪ ನೀನೇ ಮಾಡು ಎಂದು ಕಣ್ಣು ಮುಚ್ಚಿದ. ಅವಳು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾಲ್ಕು ತಾಸು ಯಂತ್ರ ತಿರುಗಿತು. ಮೂರು ಕಿಲೋ ನೀರು ಹೊರಗೆ ಬಂತು. ಸೂಜಿ ತೆಗೆದು ಪಟ್ಟಿ ಸುತ್ತಿದ ಮೇಲೆ ಅವನು ಎದ್ದು ಕೂತು ತುಟಿ ಸವರಿಕೊಂಡ. ನಾಲಗೆ ಒಣಗಿದೆ, ಒಂದು ಗುಟುಕು ಕೊಡು ಎಂದ.

ಅವಳು ಚೀಲದಿಂದ ಬಾಟಲಿ ತೆಗೆದಳು. ಮುಚ್ಚಳ ಬಿಚ್ಚಿದಳು, ಆದರೆ ಕೊಡಲಿಲ್ಲ. ಕಾಗದವನ್ನು ಅವನ ಮೊಣಕಾಲ ಮೇಲಿಟ್ಟು ಅದರ ಮೇಲೆ ಪೆನ್ನು ಇಟ್ಟಳು.

"ಮೊದಲ ಇದು."

ಅವನು ಓದಲಿಲ್ಲ. ಕಣ್ಣು ಬಾಟಲಿಯ ಮೇಲೆಯೇ ಇತ್ತು. ಇನ್ನು ಮುಂದೆ ಅಳತೆ ಮೀರಿ ಒಂದು ಹನಿಯೂ ಕುಡಿಯುವುದಿಲ್ಲ ಎಂಬ ಮಾತಿನ ಕೆಳಗೆ, ಆ ಒಂದು ಗುಟುಕಿಗಾಗಿ, ಗಡಿಬಿಡಿಯಲ್ಲಿ ಸಹಿ ಗೀಚಿ ಕೈ ಚಾಚಿದ. ಅವಳು ಅಳತೆ ನೋಡಿ ಲೋಟಕ್ಕೆ ಹಾಕಿ ಕೊಟ್ಟಳು. ಅವನು ಕುಡಿದ, ಲೋಟದ ಅಂಚು ನೆಕ್ಕಿದ, ಲೋಟ ಮತ್ತೆ ಮುಂದಕ್ಕೆ ಹಿಡಿದು ಇನ್ನೊಂದು ಚೂರು ಎಂದ.

ಗೀತಾಬಾಯಿ ಬಾಟಲಿಯ ಮುಚ್ಚಳ ತಿರುಗಿಸಿದಳು. ಕಾಗದ ತೆಗೆದುಕೊಂಡು ಜ್ಯೋತಿಗೆ ಕೊಡಲು ಎದ್ದಳು.